ಮೂಟೆ ಇಳಿಸಿ ಕೂತವರು

ಇಂಗ್ಲೆಂಡಿನಲ್ಲಿ ಲೇಬರ್ ಪಾರ್ಟಿ ಗೆದ್ದಿತೆಂದು ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಜಿಲೇಬಿ ಹಂಚಿದ ಪುಣ್ಯಾತ್ಮ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನು, ಅವನನ್ನು ಕಟ್ಟಿಕೊಂಡ ಪುಣ್ಯವತಿ ತಾನು ಎಂದು ಜಮೀಲಾ ಮನೆಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದಳು. ಹೇಳುವಾಗ ನಗುತ್ತಿದ್ದಳು. ಅದು ಹೋದ ವರ್ಷದ ಹಿಂದಿನ ಮಳೆಗಾಲದ ಮಾತು. ಆಗ ನಗುವುದಕ್ಕೆ ಅಡ್ಡಿಯೇನೂ ಇರಲಿಲ್ಲ.

ಅವಳ ಗಂಡ ಅಬ್ದುಲ್ ಸತ್ತಾರ್ ಸಾಬರು ಕೊಪ್ಪದ ಮಂಡಿಯಲ್ಲಿ ಮೂಟೆ ಹೊತ್ತವರು. ಹಮಾಲರ ಸಂಘಕ್ಕೆ ಬಹುಕಾಲ ಮುಂದಾಳಾಗಿದ್ದವರು. ಬಲ ಹೆಗಲು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತು, ಮಗ ಕೊಡಿಸಿದ ಫೋನಿನಲ್ಲಿ ಪ್ರಪಂಚದ ರಾಜಕೀಯವನ್ನೆಲ್ಲ ನೋಡುತ್ತಿದ್ದರು. ಆ ದಿನ ಅವರು ಜಿಲೇಬಿ ಪೊಟ್ಟಣ ಹಿಡಿದು ಆಟೋದವರಿಗೆ, ಕಮ್ಮರಡಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರಿಗೆ, ಕೊನೆಗೆ ಡ್ಯೂಟಿಯಲ್ಲಿದ್ದ ಪೊಲೀಸಿನವನಿಗೂ ಕೊಟ್ಟರು.

"ಎಂತ ಸಾಬ್ರೆ, ಮೊಮ್ಮಗ ಹುಟ್ಟಿದ್ನಾ?" ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

"ಅಲ್ಲ ಮಾರಾಯ, ಇಂಗ್ಲೆಂಡಲ್ಲಿ ನಮ್ಮೋರು ಬಂದ್ರು. ಹದಿನಾಲ್ಕು ವರ್ಷ ಆದ್ಮೇಲೆ ಬಂದ್ರು."

'ನಮ್ಮೋರು' ಎಂದು ಅವರು ಹೇಳುತ್ತಿದ್ದುದಕ್ಕೆ ಕಾರಣವಿತ್ತು. ಆ ಪಕ್ಷವನ್ನು ಕಟ್ಟಿದವರು ಗಣಿ ಕೆಲಸದವರು, ರೈಲಿನವರು, ಹಡಗಿಗೆ ಮೂಟೆ ಹೇರುವ ಹಮಾಲರು ಎಂದು ಅವರು ಸಂಘದ ಹಳೆಯ ಸಭೆಗಳಲ್ಲಿ ಕೇಳಿದ್ದರು. ಹೇಳಿಕೇಳಿ ಹಮಾಲರು ಕಟ್ಟಿದ ಪಕ್ಷ ಎಂದ ಮೇಲೆ ಸತ್ತಾರ್ ಸಾಬರಿಗೆ ಅದು ದೂರದ ದೇಶದ್ದೆಂದು ಅನ್ನಿಸಲೇ ಇಲ್ಲ.

ಅದಕ್ಕಿಂತ ಹತ್ತಿರದ ಕಾರಣವೂ ಇತ್ತು. ಸೊಸೆ ಶಬಾನ ಆಗಷ್ಟೇ ಇಂಗ್ಲೆಂಡಿಗೆ ಹೋಗಿದ್ದಳು. ಶಿವಮೊಗ್ಗದಲ್ಲಿ ನರ್ಸಿಂಗ್ ಓದಿ ಇಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ದುಡಿಯುತ್ತಿದ್ದ ಹುಡುಗಿ. ಅಲ್ಲಿ ಒಂಟಿ ಮುದುಕ ಮುದುಕಿಯರ ಮನೆಗೆ ಹೋಗಿ ಮೀಯಿಸಿ, ಉಣಿಸಿ, ಮಾತ್ರೆ ಕೊಟ್ಟು ಬರುವ ಕೆಲಸ. ಅದಕ್ಕಾಗಿ ನರಸಿಂಹರಾಜಪುರದಲ್ಲಿದ್ದ ಸೈಟು ಮಾರಿ ಏಜೆಂಟನಿಗೆ ಕೊಟ್ಟಾಗಿತ್ತು. ಅವಳು ಹೊರಡುವ ಮೊದಲೇ ಅಲ್ಲಿನ ಹಳೆಯ ಸರ್ಕಾರ ಒಂದು ರೂಲು ತಂದಿತ್ತು. ಈ ಕೆಲಸಕ್ಕೆ ಬರುವವರು ಗಂಡನನ್ನಾಗಲಿ ಮಕ್ಕಳನ್ನಾಗಲಿ ಕರೆದುಕೊಂಡು ಬರುವಂತಿಲ್ಲ. "ಸರ್ಕಾರ ಬದಲಾಗ್ತದೆ, ರೂಲೂ ಬದಲಾಗ್ತದೆ" ಎಂದಿದ್ದ ಏಜೆಂಟ. ಸತ್ತಾರ್ ಸಾಬರು ಅದನ್ನು ಏಜೆಂಟನಿಗಿಂತ ಗಟ್ಟಿಯಾಗಿ ನಂಬಿದರು.

ನಿಜ ಹೇಳಬೇಕೆಂದರೆ ಜಮೀಲಾಳೂ ನಂಬಿದ್ದಳು. ಗಂಡನನ್ನು ಬೈಯುತ್ತಲೇ, ಆ ಚಳಿಗಾಲ ರಸ್ತೆ ಬದಿಗೆ ಬಂದ ಟಿಬೆಟಿನವರ ಹತ್ತಿರ ಮೊಮ್ಮಗಳು ಜಾಸ್ಮಿನ್‌ಗೆ ಒಂದು ದಪ್ಪ ಸ್ವೆಟರ್ ಕೊಂಡಳು. ಕೊಪ್ಪದ ಚಳಿಗೆ ಅಷ್ಟು ದಪ್ಪದ್ದು ಬೇಡ. ಅಳತೆಯೂ ತುಸು ದೊಡ್ಡದು. ಹೊರಡುವ ಹೊತ್ತಿಗೆ ಮೈಗೆ ಸರಿಯಾಗಲಿ ಎಂಬ ಲೆಕ್ಕಾಚಾರ ಅವಳದು.

ಮುಂದಿನ ಮಳೆಗಾಲವೂ ಬಂದು ಹೋಯಿತು. ರೂಲು ಹೋಗಲಿಲ್ಲ. ಈ ಕೆಲಸಕ್ಕೆ ಹೊರಗಿನಿಂದ ಹೊಸಬರು ಬರುವ ಬಾಗಿಲನ್ನೇ ಹೊಸ ಸರ್ಕಾರ ಮುಚ್ಚಿತು. ನವೆಂಬರಿನ ಒಂದು ಸಂಜೆ, ಜಮೀಲಾ ಬಂಗುಡೆ ಸಾರು ಬಡಿಸುತ್ತಿದ್ದಾಗ, ಮಗ ಆಸಿಫ್ ಫೋನಿನಿಂದ ತಲೆ ಎತ್ತದೆ ಹೇಳಿದ.

"ಹದಿನೈದು ವರ್ಷ ಅಂತೆ."

"ಎಂತ ಹದಿನೈದು ವರ್ಷ?" ಎಂದಳು ಜಮೀಲಾ.

"ಅಲ್ಲಿ ಕಾಯಂ ಆಗ್ಲಿಕ್ಕೆ. ಮೊದಲು ಐದು ಅಂತಿತ್ತು. ಈಗ ಶಬಾನ ಮಾಡೋಂಥ ಕೆಲಸದವರಿಗೆ ಹದಿನೈದು ಮಾಡ್ತಾರಂತೆ. ಕಾಯಂ ಆದ್ರೆ ಮಗುನ ಕರೆಸ್ಕೊಳ್ಬಹುದು ಅಂತ ಅಲ್ವಾ ನಾವು ಕೂತಿದ್ದು?"

ಜಾಸ್ಮಿನ್‌ಗೆ ಏಳು ವರ್ಷ, ಎರಡನೇ ಕ್ಲಾಸು. ಕೂಡಿಸುವ ಲೆಕ್ಕ ಹೊಸದಾಗಿ ಬಂದಿತ್ತು. "ಏಳು, ಹದಿನೈದು... ಇಪ್ಪತ್ತೆರಡು!" ಎಂದು ಕೂಗಿತು ಮಗು.

"ಬಾಯಿ ಮುಚ್ಚಿ ಉಣ್ಣು, ಮುಳ್ಳುಂಟು" ಎಂದು ಜಮೀಲಾ ಗದರಿದಳು. ಗದರಿದ್ದು ಮಗುವನ್ನಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಸಿಫ್ ತಂದೆಯ ಕಡೆ ತಿರುಗಿದ. ಗೂಡ್ಸ್ ಆಟೋ ಓಡಿಸುವವನು. ಅವತ್ತು ಶೆಟ್ಟಿಕೊಪ್ಪಕ್ಕೆ ಎರಡು ಸಲ ಸಿಮೆಂಟು ಹಾಕಿ ಬಂದು ಮೈಯೆಲ್ಲ ಬೂದಿಬಣ್ಣವಾಗಿತ್ತು. ಹೆಂಡತಿಯ ಸಂಬಳದಲ್ಲಿ ಉಣ್ಣುವವನು ಎಂದು ಸ್ಟ್ಯಾಂಡಿನಲ್ಲಿ ಯಾರೋ ತಮಾಷೆ ಮಾಡಿದ್ದರು. ಅದನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ, ಜಮೀಲಾಳಿಗೆ ಮಾತ್ರ ಹೇಗೋ ತಿಳಿದಿತ್ತು.

"ನೀವು ಜಿಲೇಬಿ ಕೊಟ್ರಲ್ಲ ಅಬ್ಬಾ, ಇವರಿಗೇ ಅಲ್ವಾ?"

"ಪಾರ್ಟಿದು ತಪ್ಪಲ್ಲ ಅದು. ಪಾರ್ಟಿ ಒಳಗೆ ಹೊಕ್ಕೊಂಡವರದ್ದು" ಎಂದರು ಸತ್ತಾರ್ ಸಾಬರು. "ಸಾಹುಕಾರರ ಮೇಲೆ ಟ್ಯಾಕ್ಸ್ ಹಾಕ್ಲಿಕ್ಕೆ ಧೈರ್ಯ ಇಲ್ಲ. ಮುದುಕರನ್ನ ನೋಡ್ಕೊಳ್ಳೋ ಕೆಲಸನೂ ಕಂಪನಿಯವರಿಗೆ ಗುತ್ತಿಗೆ ಕೊಟ್ಟಾಯ್ತು. ಆಸ್ಪತ್ರೆಲಿ ಜಾಗ ಇಲ್ಲ, ಬಡವರಿಗೆ ಮನೆ ಇಲ್ಲ. ಎಂತಕ್ಕೆ ಹಿಂಗೆ ಅಂತ ಜನ ಕೇಳ್ತಾರಲ್ಲ? ಆಗ ಹೊರಗಿಂದ ಬಂದೋರ ಕಡೆ ಕೈ ತೋರಿಸ್ಬಿಡೋದು. ಅದಕ್ಕೆ ಖರ್ಚಿಲ್ಲ ನೋಡು."

"ಇಷ್ಟೆಲ್ಲ ಗೊತ್ತಿದ್ದೂ ಅವರೇ ನಮ್ಮೋರು?"

"ಇನ್ಯಾರು ಮತ್ತೆ? ಹಿಂದೆ ಇದ್ದೋರಾ?"

ಮುಂದಿನ ವಾರ ಅಲ್ಲಿಯ ಬಜೆಟ್ ಬಂತು. ಬಡವರ ಮನೆಯ ಮೂರನೇ ಮಗುವಿಗೆ ಸಹಾಯಧನ ಇಲ್ಲ ಎಂದಿದ್ದ ಹಳೆಯ ನಿಯಮವನ್ನು ತೆಗೆಯುತ್ತೇವೆ ಎಂದರು. ಸತ್ತಾರ್ ಸಾಬರು ರೊಟ್ಟಿ ತಟ್ಟುತ್ತಿದ್ದ ಜಮೀಲಾಳ ಹತ್ತಿರ ಓಡಿಬಂದರು. "ನೋಡು, ತೆಗೆದ್ರು! ಕೂಗಿದ್ರೆ ಕೇಳ್ತಾರೆ. ಒಳಗೆ ಇನ್ನೂ ನಮ್ಮೋರು ಇದ್ದಾರೆ."

ಹಿತ್ತಿಲಲ್ಲಿ ಮುಖ ತೊಳೆಯುತ್ತಿದ್ದ ಆಸಿಫ್ ಅಲ್ಲಿಂದಲೇ ಕೇಳಿದ. "ಅದು ಅವರ ಮಕ್ಕಳಿಗೆ ಅಬ್ಬಾ. ಜಾಸ್ಮಿನ್ ಅದರಲ್ಲಿ ಇದ್ದಾಳಾ?"

ಸತ್ತಾರ್ ಸಾಬರು ತಿರುಗಿ ಜಗಲಿಗೆ ಹೋದರು. ಒಲೆಯ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀದಿತ್ತು.

ಶಬಾನಳ ಫೋನು ಸಂಜೆ ಏಳರ ಸುಮಾರಿಗೆ ಬರುತ್ತಿತ್ತು. ಅಲ್ಲಿ ಅದು ಮಧ್ಯಾಹ್ನ, ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ನಡುವಿನ ಹೊತ್ತು. ಜಮೀಲಾ ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿ ನಿಲ್ಲಿಸುತ್ತಿದ್ದಳು. ಶಬಾನ ಯಾವುದೋ ಬಸ್ ಶೆಲ್ಟರಿನಲ್ಲಿ ಟೊಪ್ಪಿ ಹಾಕಿಕೊಂಡು ಒಣ ಬ್ರೆಡ್ಡು ತಿನ್ನುತ್ತಿದ್ದಳು. ಅವಳಿದ್ದ ಊರಿನ ಹೆಸರು ಜಮೀಲಾಳ ನಾಲಿಗೆಗೆ ಹತ್ತುತ್ತಿರಲಿಲ್ಲ. ಇಂಗ್ಲೆಂಡಿನ ಉತ್ತರಕ್ಕೆ, ಮೊದಲು ಕಲ್ಲಿದ್ದಲು ಗಣಿಯಿದ್ದ ಊರು ಎಂದಷ್ಟೇ ಗೊತ್ತು.

"ಬೆಳಿಗ್ಗೆ ಆರಕ್ಕೆ ಹೊರಟೋಳು ರಾತ್ರಿ ಹತ್ತಕ್ಕೆ ರೂಮಿಗೆ ಹೋಗ್ತೇನೆ ಅಮ್ಮಾ. ಸಂಬಳ ಮಾತ್ರ ಮನೆ ಒಳಗಿದ್ದಷ್ಟು ಹೊತ್ತಿಗೆ. ನಡೆಯೋದು, ಬಸ್ಸು ಕಾಯೋದು ಎಲ್ಲ ನಮ್ಮದೇ ಖಾತೆ."

"ಅದು ಹ್ಯಾಗೆ?" ಎಂದು ಸತ್ತಾರ್ ಸಾಬರು ತಲೆ ತೂರಿಸಿದರು. "ಲಾರಿಯಿಂದ ಗೋಡೌನಿಗೆ ನಡೆಯೋದಕ್ಕೆ ಕೂಲಿ ಇಲ್ಲ, ಇಳಿಸಿದ್ದಕ್ಕೆ ಮಾತ್ರ ಅಂದ್ರೆ ನಾವು ಬಿಡ್ತಿದ್ವಾ?"

ಶಬಾನ ನಕ್ಕಳು. ಅವಳು ನೋಡಿಕೊಳ್ಳುತ್ತಿದ್ದ ಮುದುಕರಲ್ಲಿ ರಾನ್ ಎಂಬವನೊಬ್ಬನಿದ್ದ. ರೈಲ್ವೆಯಲ್ಲಿ ದುಡಿದವನು, ಅಲ್ಲಿನ ಯೂನಿಯನ್ನಿನವನು. ಮನೆಯೊಳಗೂ ಕೋಟು ಹಾಕಿಕೊಂಡೇ ಕೂರುತ್ತಿದ್ದ. ಹೋದ ಚಳಿಗಾಲದಲ್ಲಿ ಹೊಸ ಸರ್ಕಾರ ಮುದುಕರಿಗೆ ಮನೆ ಬೆಚ್ಚಗಿಡಲು ಕೊಡುತ್ತಿದ್ದ ಹಣ ನಿಲ್ಲಿಸಿತ್ತು. ಜನ ಕೂಗಾಡಿದ ಮೇಲೆ ಈ ವರ್ಷ ವಾಪಸ್ ಕೊಟ್ಟಿತು. ಆದರೂ ಮುದುಕ ಹೀಟರ್ ಹಾಕುತ್ತಿರಲಿಲ್ಲ, ಮತ್ತೆ ಕಿತ್ತುಕೊಂಡಾರು ಎಂಬ ಭಯ.

"ನಿಮ್ಮ ಬಗ್ಗೆ ಹೇಳಿದೆ ಅಬ್ಬಾ ಅವರಿಗೆ. ಮೂಟೆ ಹೊರೋರ ಲೀಡರ್ ಅಂತ. ಹಿಂಗೆ ಮುಷ್ಟಿ ಎತ್ತಿ ನಿಮಗೆ ತೋರಿಸು ಅಂದ್ರು."

ಸತ್ತಾರ್ ಸಾಬರು ಉಮೇದಿನಲ್ಲಿ ಬಲಗೈಯನ್ನೇ ಎತ್ತಿಬಿಟ್ಟರು. ಹೆಗಲು ಚಳಕ್ಕೆಂದಿತು, ಅಯ್ಯೋ ಎಂದು ಕೂತರು. ಜಾಸ್ಮಿನ್ ಬಿದ್ದು ಬಿದ್ದು ನಕ್ಕಿತು. ಎಣ್ಣೆ ತಂದು ತಿಕ್ಕುವ ಕೆಲಸ ಎಂದಿನಂತೆ ಜಮೀಲಾಳ ಪಾಲಿಗೆ ಬಂತು.

ತಿಕ್ಕಿಸಿಕೊಳ್ಳುತ್ತಲೇ ಅವರು ಆ ಹಳೆಯ ಕಥೆ ತೆಗೆದರು. ಜಮೀಲಾಳಿಗೆ ಅದು ಬಾಯಿಪಾಠವಾಗಿತ್ತು. ಮಂಡಿಯ ಸಾಹುಕಾರನೊಬ್ಬ ಒಬ್ಬ ಹಮಾಲನ ಕೆನ್ನೆಗೆ ಹೊಡೆದಿದ್ದ. ಹಮಾಲರಲ್ಲಿ ಒಂದು ಪದ್ಧತಿಯಿತ್ತು. ಒಬ್ಬನ ಮೈಮೇಲೆ ಕೈಬಿದ್ದರೆ, ಎಲ್ಲರೂ ಇದ್ದಲ್ಲೇ ಮೂಟೆ ಇಳಿಸಿ ಅದರ ಪಕ್ಕದಲ್ಲಿ ಕೂತುಬಿಡುವುದು. ಹೆಗಲ ಮೇಲಿದ್ದದ್ದು ರಸ್ತೆ ನಡುವೆಯಾದರೂ ಸರಿ. ಅವತ್ತು ಮೊದಲು ಮೂಟೆ ಇಳಿಸಿದವರು ಸತ್ತಾರ್ ಸಾಬರು. ರಸ್ತೆ ತುಂಬ ಮೂಟೆ; ಶೃಂಗೇರಿ ಬಸ್ಸೂ ನಿಂತಿತು, ತೀರ್ಥಹಳ್ಳಿ ಬಸ್ಸೂ ನಿಂತಿತು. ಇದನ್ನು ಶುರು ಮಾಡಿದವನು ಯಾರು ಹೇಳು ಎಂದು ಪೊಲೀಸರು ಜೊತೆಯ ಹಮಾಲ ಹೂವಪ್ಪನನ್ನು ಹಿಡಿದುಕೊಂಡು ಹೋಗಿ ಹೊಡೆದರು. ಹೂವಪ್ಪ ಹೆಸರು ಹೇಳಲಿಲ್ಲ. ಕೊನೆಗೆ ಸಾಹುಕಾರನೇ ಬಂದು ತಪ್ಪಾಯಿತೆಂದ. ಹೂವಪ್ಪನ ಎಡಗಾಲು ಇವತ್ತಿಗೂ ಎಳೆಯುತ್ತದೆ, ಮತ್ತು ಇವತ್ತಿಗೂ ಅವನು ದಿನಾ ಮಧ್ಯಾಹ್ನ ಇವರ ಮನೆಗೇ ಬಂದು ಚಾ ಕುಡಿಯುತ್ತಾನೆ.

"ಹೆಸರು ಹೇಳಿದ್ರೆ ನಾನು ಜೈಲಲ್ಲಿರ್ತಿದ್ದೆ, ಸಂಘ ಮಣ್ಣಾಗ್ತಿತ್ತು" ಎಂದರು ಸತ್ತಾರ್ ಸಾಬರು ಫೋನಿಗೆ. "ನೀವು ಎಷ್ಟು ಜನ ಇದ್ದೀರಮ್ಮ ಅಲ್ಲಿ?"

"ಹೊರಗಿನೋರು ಎಂಟು ಜನ ಅಬ್ಬಾ. ಕೇರಳದವರು, ಆಫ್ರಿಕದವರು..."

"ಎಂಟು ಜನ ಒಂದೇ ದಿನ ಮೂಟೆ ಇಳಿಸಿ. ಎಂತ ಮಾಡ್ತಾರೆ ನೋಡುವ."

"ಅವಳ ತಲೆಗೆ ಇದನ್ನೆಲ್ಲ ತುಂಬಬೇಡಿ" ಎಂದು ಜಮೀಲಾ ಫೋನು ಕಿತ್ತುಕೊಂಡಳು. "ಶಬಾನ, ಬ್ರೆಡ್ಡು ಒಂದೇ ತಿನ್ನಬೇಡ. ಅನ್ನ ಮಾಡ್ಕೋ ಮಾರಾಯ್ತಿ."

ಆದರೆ ತುಂಬಿದ್ದು ತುಂಬಿಯಾಗಿತ್ತು. ಡಿಸೆಂಬರು ಶುರುವಾಗುವಷ್ಟರಲ್ಲಿ ಶಬಾನಳ ದನಿಯೇ ಬೇರೆಯಾಯಿತು. ಎಂಟು ಜನವೂ ಒಬ್ಬಳ ರೂಮಿನಲ್ಲಿ ಸೇರಿದ್ದರಂತೆ. ನಡುವಿನ ಹೊತ್ತಿಗೂ ಸಂಬಳ ಕೊಡಿ, ಇಲ್ಲದಿದ್ದರೆ ಸೋಮವಾರ ಆಫೀಸಿನ ಮುಂದೆ ಕೂರುತ್ತೇವೆ, ಅವತ್ತಿನ ಮನೆಗಳಿಗೆ ಅಲ್ಲಿನ ಬೇರೆಯವರನ್ನು ಕಳಿಸಿಕೊಳ್ಳಿ ಎಂದು ಹೇಳಲು ಒಪ್ಪಿದ್ದರಂತೆ. ಜಿಂಬಾಬ್ವೆಯ ಗ್ರೇಸ್ ಎಂಬವಳು, "ನಿನ್ನ ಮಾವನ ಮೂಟೆ ಕಥೆ ಇನ್ನೊಂದು ಸಲ ಹೇಳು" ಎಂದು ಹೇಳಿಸಿ ಕೇಳಿದಳಂತೆ.

ಆ ವಾರವಿಡೀ ಸತ್ತಾರ್ ಸಾಬರಿಗೆ ಹತ್ತು ವರ್ಷ ಕಡಿಮೆಯಾಗಿತ್ತು. ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಅಂಗಡಿಯಿಂದ ಸಾಮಾನು ತಾವೇ ತಂದರು. ಚಾ ಕುಡಿಯಲು ಬಂದ ಹೂವಪ್ಪನಿಗೆ ದಿನಾ ವರದಿ.

"ಅಲ್ಲ ಸಾಬ್ರೆ, ಇಂಗ್ಲೆಂಡಲ್ಲೂ ನಮ್ಮ ಮಂಡಿ ಪದ್ಧತಿನಾ!" ಎಂದು ಹೂವಪ್ಪ ಬೊಚ್ಚು ಬಾಯಿ ತೆರೆದು ನಕ್ಕ. ಅಷ್ಟು ಖುಷಿಯಾಗಿ ಇಬ್ಬರೂ ನಕ್ಕದ್ದನ್ನು ನೋಡಿ ಜಮೀಲಾಳಿಗೂ ಒಂದು ಗಳಿಗೆ ಧೈರ್ಯ ಬಂತು.

ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಬಂದಾಗ ಶಬಾನ ಬಸ್ ಶೆಲ್ಟರಿನಲ್ಲಿರಲಿಲ್ಲ, ರೂಮಿನಲ್ಲಿದ್ದಳು.

"ಇಬ್ಬರೇ ಅಬ್ಬಾ. ನಾನು, ಗ್ರೇಸ್. ಉಳಿದೋರು ಯಾರೂ ಬರ್ಲಿಲ್ಲ."

"ಎಂತಕ್ಕೆ?" ಎಂದರು ಸತ್ತಾರ್ ಸಾಬರು.

"ಹೆದರಿದ್ರು. ನಮ್ಮ ವೀಸಾ ಕಂಪನಿ ಕೈಲಿ ಉಂಟು. ಅವರು ಬೇಡ ಅಂದ್ರೆ ಕೆಲಸ ಮಾತ್ರ ಅಲ್ಲ, ದೇಶನೇ ಹೋಗ್ತದೆ. ಎರಡು ತಿಂಗಳೊಳಗೆ ಬೇರೆ ಕಂಪನಿ ಸಿಗ್ಬೇಕು, ಇಲ್ಲದಿದ್ರೆ ವಾಪಸ್." ಅವಳು ಕಣ್ಣೊರೆಸಿಕೊಂಡಳು. "ನಮಗಿಬ್ಬರಿಗೂ ಕೆಲಸ ನಿಲ್ಲಿಸಿದ್ದಾರೆ. ವೀಸಾಕ್ಕೆ ಕೊಟ್ಟ ಸ್ಪಾನ್ಸರ್ ತೆಗೀತೇವೆ ಅಂದಿದ್ದಾರೆ."

"ಅಲ್ಲಿ ಯೂನಿಯನ್ ಇಲ್ವಾ?"

"ಉಂಟು ಅಬ್ಬಾ. ಒಳ್ಳೇವರೇ. ಕೇಸು ಹಾಕುವ ಅಂದ್ರು. ಕೇಸು ಮುಗೀಲಿಕ್ಕೆ ವರ್ಷದ ಮೇಲೆ ಬೇಕಂತೆ."

ಎರಡು ತಿಂಗಳು, ವರ್ಷದ ಮೇಲೆ. ಇದನ್ನು ಕೂಡಿಸಿ ಕಳೆದು ನೋಡಲು ಜಾಸ್ಮಿನ್‌ನ ಬೆರಳುಗಳೂ ಬೇಕಿರಲಿಲ್ಲ.

ಫೋನು ಇಟ್ಟ ಮೇಲೆ ಆಸಿಫ್ ಎದ್ದು ನಿಂತ. ತಂದೆಗೆ ಎದುರಾಡಿದವನೇ ಹೊರತು ಎಂದೂ ದನಿ ಎತ್ತಿದವನಲ್ಲ. ಅವತ್ತು ಎತ್ತಿದ.

"ಖುಷಿ ಆಯ್ತಾ ನಿಮಗೆ? ನಿಮ್ಮ ಮಂಡಿ, ನಿಮ್ಮ ಸಂಘ, ನಿಮ್ಮ ಪಾರ್ಟಿ! ಅವಳು ಸುಮ್ನೆ ಬಾಯಿ ಮುಚ್ಚಿ ಕೆಲಸ ಮಾಡ್ತಿದ್ಲು."

"ಅನ್ಯಾಯ ಅದು ಆಸಿಫ್. ನಡೆದ ಹೊತ್ತಿಗೆ ಕೂಲಿ ಇಲ್ಲ ಅಂದ್ರೆ..."

"ಅನ್ಯಾಯ ಅಂತ ನಂಗೂ ಗೊತ್ತು! ಗೊತ್ತಿದ್ದೇ ಕಳ್ಸಿದ್ದಲ್ವಾ?"

"ನಾವು ಕೂತಾಗ ನಮಗೂ ಹೆದರಿಕೆ ಇರ್ಲಿಲ್ವಾ? ಆದ್ರೂ ಕೂತ್ವಲ್ಲ?"

ಆಗ ಜಮೀಲಾ ಮಾತಾಡಿದಳು. ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ನೀವು ಇಲ್ಲಿ ಮೂಟೆ ಇಳಿಸಿ ಕೂತ್ರಿ. ಸಂಜೆ ಎದ್ದು ಮನೆಗೆ ಬಂದ್ರಿ. ರೇಷನ್ ಅಕ್ಕಿ ಇತ್ತು, ನಾನಿದ್ದೆ, ಊರು ಇಲ್ಲೇ ಇತ್ತು. ಊರಿಂದ ನಿಮ್ಮನ್ನ ಯಾರು ಎತ್ತಿ ಬಿಸಾಕ್ತಿದ್ರು? ಅಲ್ಲಿ ಅವಳು ಮೂಟೆ ಹೊರೋಳಲ್ಲ. ಅಲ್ಲಿ ಅವಳೇ ಮೂಟೆ. ಬೇಕಾದಾಗ ಇಳಿಸ್ಕೊಂಡ್ರು, ಬೇಡ ಅಂದಾಗ ವಾಪಸ್ ಹೇರ್ತಾರೆ."

ಹೇಳಿದ ಮೇಲೆ ಅವಳಿಗೇ ಸಂಕಟವಾಯಿತು. ಸತ್ತಾರ್ ಸಾಬರು ಅವತ್ತು ರಾತ್ರಿ ಉಣ್ಣಲಿಲ್ಲ. ಮರುದಿನದಿಂದ ಅವರು ಫೋನಿನಲ್ಲಿ ರಾಜಕೀಯ ನೋಡುವುದನ್ನು ಬಿಟ್ಟರು. ಹೂವಪ್ಪ ಬಂದರೆ ಮಳೆ, ಚಳಿ, ಕಾಲುನೋವು ಎಂದು ಮಾತು ಮುಗಿಸುತ್ತಿದ್ದರು. ಸೋತದ್ದನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

ಶಬಾನ ಬೇರೆ ಕಂಪನಿ ಹುಡುಕಿದಳು. ಕೆಲವರು ಉತ್ತರ ಕೊಡಲಿಲ್ಲ. ಒಬ್ಬ ದುಡ್ಡು ಕೇಳಿದ. ಮಾರಲು ಇನ್ನೊಂದು ಸೈಟು ಇವರಿಗಿರಲಿಲ್ಲ. ಆಸಿಫ್ ದೂರದ ನೆಮ್ಮಾರಿನ ಕಡೆಯ ಬಾಡಿಗೆಯನ್ನೂ ಬಿಡದೆ ಒಪ್ಪಿಕೊಳ್ಳತೊಡಗಿದ. ಬೆಳಿಗ್ಗೆ ಹೋದರೆ ಎಲ್ಲರ ಊಟ ಆದ ಮೇಲೆ ಬರುತ್ತಿದ್ದ. ತಂದೆ ಮಗ ಒಟ್ಟಿಗೆ ಊಟಕ್ಕೆ ಕೂರುವುದು ನಿಂತುಹೋಯಿತು. ಜಮೀಲಾ ಎರಡು ಸಲ ಸಾರು ಬಿಸಿ ಮಾಡುತ್ತಿದ್ದಳು, ಎರಡು ಸಲ ಬಡಿಸುತ್ತಿದ್ದಳು. ಜಾಸ್ಮಿನ್‌ಗೆ ಇಬ್ಬರ ಜೊತೆಯೂ ಕೂತು ಎರಡೆರಡು ಸಲ ತಿನ್ನುವ ಅಭ್ಯಾಸವಾಯಿತು. ಮನೆಯಲ್ಲಿ ಮೈ ತುಂಬಿಕೊಂಡದ್ದು ಅದೊಂದೇ.

ಟಿಬೆಟಿನವರು ಮತ್ತೆ ರಸ್ತೆ ಬದಿಗೆ ಬಂದರು. ಜಾಸ್ಮಿನ್ ಹೋದ ಚಳಿಗಾಲದ ಆ ಸ್ವೆಟರನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡಿತು. ತೋಳು ಮಣಿಕಟ್ಟಿನವರೆಗೂ ಬರಲಿಲ್ಲ. ಒಂದು ಸಲವೂ ತೊಡದೆ ಚಿಕ್ಕದಾಗಿತ್ತು. ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಡುವ ಎಂದಿತು ಜಾಸ್ಮಿನ್. ಜಮೀಲಾ ಮಡಚಿ ಮತ್ತೆ ಪೆಟ್ಟಿಗೆಯಲ್ಲೇ ಇಟ್ಟಳು.

ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಜಮೀಲಾ ಹಿತ್ತಿಲಲ್ಲಿ ಮಗುವನ್ನು ಮುಂದೆ ಕೂರಿಸಿಕೊಂಡು ಹೇನು ತೆಗೆಯುತ್ತಿದ್ದಳು. ಶಾಲೆಯಿಂದ ಹತ್ತಿಸಿಕೊಂಡು ಬಂದಿತ್ತು. ಫೋನು ಬಂತು. ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ.

"ಅಮ್ಮಾ, ಹತ್ತಿರ ಯಾರಿದ್ದಾರೆ?"

"ನಾನು, ಮಗು. ಆಸಿಫ್ ಬಾಡಿಗೆಗೆ ಹೋಗಿದ್ದಾನೆ. ಇವರು ಮಲಗಿದ್ದಾರೆ. ಎಂತ ಆಯ್ತು?"

ಶಬಾನ ಮೊದಲು ಆ ರೈಲ್ವೆ ಮುದುಕ ರಾನನ ವಿಷಯ ತೆಗೆದಳು. ಅವನನ್ನು ನೋಡಿ ಬರಲು ಹೋಗಿದ್ದಳಂತೆ. ಮುದುಕ ಚಾ ಮಾಡಿಕೊಟ್ಟನಂತೆ. ಲೇಬರ್ ಪಾರ್ಟಿಗೆ ಹುಟ್ಟಿದಾಗಿನಿಂದ ಹಾಕಿದ ವೋಟು ಸಾಕಾಯಿತು, ಇನ್ನು ಆ ಇನ್ನೊಂದು ಪಕ್ಷಕ್ಕೇ ಹಾಕುವುದು ಎಂದನಂತೆ.

"ಯಾವ ಪಕ್ಷ?"

"ನಮ್ಮನ್ನೆಲ್ಲ ವಾಪಸ್ ಕಳಿಸ್ತೇವೆ ಅನ್ನೋರು ಅಮ್ಮಾ. ಕಾಯಂ ಅನ್ನೋದನ್ನೇ ತೆಗೀತೇವೆ ಅಂತಾರೆ ಅವರು. ನಾನು ಕೇಳಿದೆ, ರಾನ್, ಹಾಗಾದ್ರೆ ನಾನು? ಅಂತ. ನನ್ನ ಕೈ ಹಿಡ್ಕೊಂಡು, ನೀನಲ್ಲಮ್ಮ, ಬೇರೆಯವರು ಅಂದ್ರು. ಅಳ್ತಿದ್ರು ಅವರೂ."

ಜಮೀಲಾಳಿಗೆ ಆ ಮುಷ್ಟಿ ಎತ್ತಿದ ಸಂಜೆ ನೆನಪಾಯಿತು. ಇದನ್ನು ಒಳಗೆ ಮಲಗಿದ್ದವರಿಗೆ ಮಾತ್ರ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿದಳು.

"ಅಮ್ಮಾ, ಮ್ಯಾನೇಜರ್ ನಿನ್ನೆ ಕರೆಸಿದ್ದ" ಎಂದಳು ಶಬಾನ. "ನನ್ನನ್ನ ಮತ್ತೆ ತಗೊಳ್ತಾರಂತೆ. ಸ್ಪಾನ್ಸರ್ ತೆಗೆಯೋದಿಲ್ಲಂತೆ. ಒಂದು ಮಾತು ಹೇಳ್ಬೇಕಂತೆ."

"ಎಂತ ಮಾತು?"

"ಇದನ್ನೆಲ್ಲ ಶುರು ಮಾಡಿದ್ದು ಗ್ರೇಸ್ ಅಂತ. ಅವಳೇ ನಮ್ಮ ತಲೆ ಕೆಡಿಸಿದ್ಲು ಅಂತ. ಅಷ್ಟು ಹೇಳಿದ್ರೆ ಸಾಕಂತೆ."

ಬಾಚಣಿಗೆ ಹಿಡಿದ ಜಮೀಲಾಳ ಕೈ ನಿಂತಿತು. ಶುರು ಮಾಡಿದ್ದು ಯಾರು ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಶುರುವಾದದ್ದು ತನ್ನ ಅಡುಗೆಮನೆಯಲ್ಲಿ, ಸಾಂಬಾರ ಡಬ್ಬಿಯ ಎದುರು.

"ಆ ಹುಡುಗಿಗೆ ಮಕ್ಕಳಿದ್ದಾರಾ?"

"ಇಬ್ಬರು. ಅವಳ ತಾಯಿ ಹತ್ರ ಇದ್ದಾರೆ. ಎಂತ ಮಾಡ್ಲಿ ಅಮ್ಮಾ? ಆಸಿಫ್‌ಗೆ ಕೇಳಿದ್ರೆ ಹೂಂ ಅಂತಾರೆ. ಅಬ್ಬಾ ಬೇಡ ಅಂತಾರೆ. ಅದಕ್ಕೆ ನಿಮ್ಮನ್ನ ಕೇಳ್ತಿದ್ದೇನೆ."

ಜಾಸ್ಮಿನ್ ತಲೆ ಬಗ್ಗಿಸಿಯೇ ಕೂತು, ನೆಲದ ಮೇಲೆ ಕಡ್ಡಿಯಲ್ಲಿ ಏನೋ ಗೀಚುತ್ತಿತ್ತು. ತಾಯಿಯ ದನಿ ಕೇಳಿಯೂ ಫೋನು ಕೊಡು ಎನ್ನಲಿಲ್ಲ. ಕೆಲವು ತಿಂಗಳಿಂದ ಕೇಳುವುದನ್ನು ಬಿಟ್ಟಿತ್ತು. ಜಮೀಲಾ ಆ ಪುಟ್ಟ ಕತ್ತನ್ನು ನೋಡಿದಳು. ಶಬಾನ ವಾಪಸ್ ಬಂದುಬಿಟ್ಟರೆ? ಬಂದರೆ ಮಗುವಿಗೆ ತಾಯಿ ಸಿಗುತ್ತಾಳೆ. ಆದರೆ ಮತ್ತೆ ಆ ನರ್ಸಿಂಗ್ ಹೋಮಿನ ಸಂಬಳ, ಮಾರಿದ ಸೈಟು, ಆಸಿಫನ ಮುರುಕು ಆಟೋ. ಒಮ್ಮೆ ಬಂದರೆ ಆ ಬಾಗಿಲು ತೆರೆಯುವುದಿಲ್ಲ, ಅದನ್ನು ಮುಚ್ಚಿಯಾಗಿದೆ.

"ಹೇಳಿಬಿಡು" ಎಂದಳು ಜಮೀಲಾ.

"ಅಮ್ಮಾ..."

"ನಾನು ಹೇಳ್ತಿದ್ದೇನಲ್ಲ, ಹೇಳಿಬಿಡು. ಪಾಪ ಬಂದ್ರೆ ನಂಗೆ ಬರ್ಲಿ."

ಫೋನಿಟ್ಟು ಅವಳು ಮತ್ತೆ ಹೇನು ತೆಗೆಯತೊಡಗಿದಳು. ಬಾಚಣಿಗೆ ಜೋರಾಗಿ ತಾಗಿತೆಂದು ಕಾಣುತ್ತದೆ, ಮಗು "ದಾದಿಮಾ, ನೋವಾಗ್ತದೆ" ಎಂದು ಅತ್ತಿತು.

ವಾರ ಕಳೆದು ಸುದ್ದಿ ಬಂತು. ಶಬಾನಳಿಗೆ ಕೆಲಸ ವಾಪಸ್ ಸಿಕ್ಕಿತು. ಆಸಿಫ್ ಬಹಳ ದಿನದ ಮೇಲೆ ಹಗಲಲ್ಲೇ ಮನೆಗೆ ಬಂದ, ಕೈಯಲ್ಲಿ ಜಿಲೇಬಿ ಪೊಟ್ಟಣ. ತಂದೆಯ ಮುಂದೆ ಇಟ್ಟ. ಅದು ರಾಜಿಯೋ ಕುಟುಕೋ, ಅವನಿಗೂ ಗೊತ್ತಿರಲಿಕ್ಕಿಲ್ಲ.

"ತಗೊಳ್ಳಿ ಅಬ್ಬಾ. ಬಿಸಿ ಉಂಟು."

ಸತ್ತಾರ್ ಸಾಬರ ಮುಖ ಅರಳಿತು. "ನಾನು ಹೇಳ್ಲಿಲ್ವಾ? ಗಟ್ಟಿ ನಿಂತ್ರೆ ಬಗ್ಗಲೇಬೇಕು ಅವರು. ಆ ಗ್ರೇಸ್‌ಗೂ ಸಿಕ್ತಲ್ಲ?"

ಆಸಿಫ್ ತಾಯಿಯ ಮುಖ ನೋಡಿದ. ಅವನಿಗೆ ಶಬಾನ ಹೇಳಿದ್ದಳು. "ಸ್ನಾನ ಮಾಡಿ ಬರ್ತೇನೆ" ಎಂದು ಹಿತ್ತಿಲಿಗೆ ನಡೆದ.

ಸುಳ್ಳು ಹೇಳಿ ಮುಗಿಸಬಹುದಿತ್ತು. ಆದರೆ ಇಷ್ಟು ವರ್ಷ ಈ ಮನುಷ್ಯನನ್ನು ಎದುರಿಗೇ ಬೈದವಳು, ಬೆನ್ನ ಹಿಂದೆ ಏನನ್ನೂ ಮಾಡಿದವಳಲ್ಲ. ಜಮೀಲಾ ಅವರ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಗ್ರೇಸಳ ಹೆಸರು ಹೇಳು ಎಂದದ್ದು ತಾನೇ ಎಂದಳು. ಗ್ರೇಸ್ ಆಗಲೇ ವಿಮಾನ ಹತ್ತಿಯಾಗಿದೆ, ಶಬಾನ ಫೋನು ಮಾಡಿದರೆ ಎತ್ತಲಿಲ್ಲ ಎಂಬುದನ್ನೂ ಹೇಳಿದಳು.

"ನಡುವಿನ ಹೊತ್ತಿಗೆ ಕೂಲಿ?" ಎಂದು ಕೇಳಿದರು ಸತ್ತಾರ್ ಸಾಬರು.

"ಇಲ್ಲ."

"ಹದಿನೈದು ವರ್ಷ?"

"ಅದು ಇದ್ದೇ ಉಂಟು."

ಬೈಯುತ್ತಾರೆ ಎಂದು ಅವಳು ಕಾದಳು. ಬೈದಿದ್ದರೆ ಒಳ್ಳೆಯದಿತ್ತು. ಅವರು ಬಲ ಹೆಗಲನ್ನು ಎಡಗೈಯಲ್ಲಿ ಹಿಡಿದುಕೊಂಡು ನೆಲ ನೋಡುತ್ತ ಕೂತರು.

ಅಷ್ಟರಲ್ಲಿ ಅಂಗಳದಲ್ಲಿ ಕಾಲೆಳೆಯುವ ಸದ್ದಾಯಿತು. ಹೂವಪ್ಪ ಚಾ ಹೊತ್ತಿಗೆ ಸರಿಯಾಗಿ ಬಂದಿದ್ದ. ಜಗಲಿಯ ಮೆಟ್ಟಿಲು ಹತ್ತುವಾಗ ಎಂದಿನಂತೆ ಗೋಡೆ ಹಿಡಿದುಕೊಂಡ. ಜಿಲೇಬಿ ಕಂಡು ಅವನ ಕಣ್ಣು ದೊಡ್ಡದಾಯಿತು.

"ಓಹೋ, ಜಿಲೇಬಿ! ಆಟೋ ಸ್ಟ್ಯಾಂಡಲ್ಲಿ ಆಸಿಫ್ ಹೇಳ್ದ ಸಾಬ್ರೆ, ಸೊಸೆಗೆ ಕೆಲಸ ವಾಪಸ್ ಸಿಕ್ತಂತಲ್ಲ. ನೀವೊಬ್ಬರು, ಇಷ್ಟು ದಿನ ಬಾಯೇ ಬಿಡ್ಲಿಲ್ಲ. ಮೂಟೆ ಇಳಿಸಿ ಕೂತ್ರಾ ಹುಡುಗೀರು?"

"ಕೂತ್ರು."

"ಅಲ್ಲೂ ಕೇಳಿರ್ಬೇಕು, ಯಾರು ಶುರು ಮಾಡಿದ್ದು ಹೇಳಿ ಅಂತ. ಕೇಳೇ ಕೇಳ್ತಾರೆ. ಎಲ್ಲ ಊರಿನ ಸಾಹುಕಾರರೂ ಒಂದೇ." ಹೂವಪ್ಪ ಎಳೆಯುವ ಕಾಲನ್ನು ಕೈಯಿಂದಲೇ ಎತ್ತಿ ಸರಿಯಾಗಿ ಇಟ್ಟುಕೊಂಡು ಕೂತ. "ಯಾರಾದ್ರೂ ಹೆಸರು ಹೇಳಿದ್ರಾ?"

ಜಮೀಲಾ ಚಾ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸತ್ತಾರ್ ಸಾಬರು ತಲೆ ಎತ್ತಿ ಮೊದಲು ಅವಳನ್ನು ನೋಡಿದರು, ಆಮೇಲೆ ಹೂವಪ್ಪನ ಕಾಲನ್ನು ನೋಡಿದರು.

"ಇಲ್ಲ ಮಾರಾಯ" ಎಂದರು. "ಯಾರೂ ಹೇಳ್ಲಿಲ್ಲ."

"ಹೌದಾ! ಮತ್ತೆ ಎಲ್ಲರನ್ನೂ ವಾಪಸ್ ತಗೊಂಡ್ರಾ?"

"ಹೂಂ. ಎಲ್ಲರನ್ನೂ ತಗೊಂಡ್ರು."

"ನೋಡಿ ಮತ್ತೆ, ನಿಮ್ಮ ಪಾರ್ಟಿ ಬಂದದ್ದು ಸುಳ್ಳಾಗ್ಲಿಲ್ಲ" ಎಂದು ಹೂವಪ್ಪ ಬೊಚ್ಚು ಬಾಯಿ ತುಂಬ ನಕ್ಕು, ಪೊಟ್ಟಣಕ್ಕೆ ಕೈ ಹಾಕಿ ಒಂದು ಜಿಲೇಬಿ ತೆಗೆದುಕೊಂಡ.